ಊಟಕ್ಕೆ ಮುಂಚಿನ ಹಾಡು

ಆ ಹಾಡು ಹುಟ್ಟಿ ಮೂವತ್ತೈದು ವರ್ಷವಾಗಿತ್ತು. ಪಲ್ಲವಿಯಲ್ಲಿ ನಾಲ್ಕು ಪದ, ಚರಣದಲ್ಲಿ ಅವೇ ನಾಲ್ಕು ಪದ ಹಿಂದುಮುಂದಾಗಿ, ನಡುವೆ ಒಂದಿಷ್ಟು ಲಾಲಲಾ. ಬಸ್ಸಿನಲ್ಲಿ, ಸಲೂನಿನಲ್ಲಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೇಳಿ ಕೇಳಿ ಜನಕ್ಕೆ ವಾಕರಿಕೆ ಬರಬೇಕಿತ್ತು, ಬರಲಿಲ್ಲ. ಪಾರ್ಟಿ ಹಾಲಿನಲ್ಲಿ ಆರ್ಕೆಸ್ಟ್ರಾದವರು ಅದನ್ನು ಎತ್ತಿಕೊಂಡರೆ ಸಾಕು, ಮಂಡಿನೋವಿನ ದೊಡ್ಡಮ್ಮಂದಿರೂ ಕುರ್ಚಿಯಲ್ಲೇ ಕುಣಿಯುತ್ತಿದ್ದರು.

ಆರ್ಕೆಸ್ಟ್ರಾದ ಯಜಮಾನರಿಗೆ ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅವರಿಗೆ ಆ ಹಾಡು ಕಂಡರೆ ಮೈಯೆಲ್ಲ ಉರಿ. "ಕೋಣನ ಮುಂದೆ ಕಿನ್ನರಿ ಬಾರಿಸಿ ಸಾಕಾಯ್ತು ಕಣೇ" ಎಂದು, ಜೊತೆಯಲ್ಲಿ ಹಾಡುವ ಹೆಂಡತಿಯ ಹತ್ತಿರ ಗೊಣಗುತ್ತಿದ್ದರು. ಕಿನ್ನರಿ ಎಂದರೆ ಅವರದೇ ಸ್ವಂತ ರಚನೆ. ಹನ್ನೊಂದು ನಿಮಿಷದ್ದು. ತಾಳ ಮೂರು ಸಲ ಬದಲಾಗುತ್ತಿತ್ತು, 'ಶೂನ್ಯ' ಎಂಬ ಪದ ಒಂಬತ್ತು ಸಲ ಬರುತ್ತಿತ್ತು. ಯಾರಾದರೂ ಒಬ್ಬರು, ಸಾಯುವುದರೊಳಗೆ ಒಂದೇ ಒಂದು ಸಲ, ಬಾಯಿ ಬಿಟ್ಟು ಅದನ್ನು ಕೇಳಬೇಕೆಂಬುದು ಅವರ ಆಸೆ.

ಕೇಳಿದವರು ಯಾರೂ ಇಲ್ಲ. ಆದರೂ ಹಾಲಿನ ಮ್ಯಾನೇಜರ್ ಪ್ರತಿ ಪಾರ್ಟಿಯ ಪಟ್ಟಿಯಲ್ಲೂ ಒಂದು ಗಂಟೆಗೆ ಸರಿಯಾಗಿ ಮೇಷ್ಟ್ರ ಈ ರಚನೆಗೆ ಜಾಗ ಇಡುತ್ತಿದ್ದ. ರುಚಿ ತಿಳಿದ ಮನುಷ್ಯ ಎಂದು ಮೇಷ್ಟ್ರು ಅವನನ್ನು ಹೊಗಳುತ್ತಿದ್ದರು. ಹಾಡುವಾಗ ಕಣ್ಣು ಮುಚ್ಚುವುದು ಅವರ ಅಭ್ಯಾಸ. ತೆರೆದಾಗ ಕುರ್ಚಿಗಳು ಖಾಲಿ ಇರುತ್ತಿದ್ದವು. ಊಟದ ಹೊತ್ತು, ಪಾಪ, ಹಸಿದಿರುತ್ತಾರೆ ಎಂದು ಜನರನ್ನು ಕ್ಷಮಿಸುತ್ತಿದ್ದರು.

ಒಂದು ಭಾನುವಾರ ಯಾರದೋ ನಿವೃತ್ತಿಯ ಪಾರ್ಟಿ. ಮೈಕಿನ ವೈರು ತರಲು ಹಿಂದಿನ ಕೋಣೆಗೆ ಹೋದ ಮೇಷ್ಟ್ರ ಕಿವಿಗೆ, ಮ್ಯಾನೇಜರ್ ಹೊಸ ಅಡುಗೆಯವನಿಗೆ ಹೇಳುತ್ತಿದ್ದ ಪಾಠ ಬಿತ್ತು.

"ಊಟಕ್ಕೆ ಏಳಿ ಅಂತ ಎಷ್ಟು ಬಡ್ಕೊಂಡ್ರೂ ಜನ ಏಳಲ್ಲಪ್ಪ. ಮೇಷ್ಟ್ರ ಸ್ವಂತ ಹಾಡು ಶುರುವಾಗ್ಲಿ, ಎರಡೇ ನಿಮಿಷ, ಒಂದು ನರಪಿಳ್ಳೆ ಇರಲ್ಲ. ಆಗ ನೀನು ಪಾತ್ರೆ ಮುಚ್ಚಳ ತೆಗಿ."

ಮೇಷ್ಟ್ರು ಓಡಿಬಂದು ಹೆಂಡತಿಗೆ ಹೇಳಿದರು. ಅವಳು ಕಣ್ಣರಳಿಸಿದಳು. "ಅಯ್ಯೋ, ನಿಮಗೆ ಗೊತ್ತಿರ್ಲಿಲ್ವೇನ್ರೀ?"

ಗಾಯಕ್ಕೆ ಉಪ್ಪು ಬಿತ್ತು. ಒಂದು ಗಂಟೆಯಾಯಿತು. ಮೇಷ್ಟ್ರು ಹಲ್ಲು ಕಚ್ಚಿ ಆ ಹಳೇ ಹಾಡನ್ನೇ ಎತ್ತಿಕೊಂಡರು. ಮುಗಿದ ಕೂಡಲೇ ಮತ್ತೆ ಮೊದಲಿನಿಂದ. ಒಬ್ಬರೂ ಏಳಲಿಲ್ಲ. ನಿವೃತ್ತರಾದವರು ಬೂಟು ಕಳಚಿ ಕುಣಿದರು. ಅಡುಗೆಯವನು ಬಾಗಿಲಲ್ಲಿ ಸೌಟು ಹಿಡಿದು ನಿಂತ. ಮೂರು ಗಂಟೆಗೆ ಇನ್ನೊಂದು ಪಾರ್ಟಿಗೆ ಹಾಲು ಬಿಟ್ಟುಕೊಡಬೇಕು. ನಾಲ್ಕನೇ ಸಲ ಲಾಲಲಾ ಶುರುವಾದಾಗ ಮ್ಯಾನೇಜರ್ ಬೆವರು ಒರೆಸಿಕೊಳ್ಳುತ್ತ ವೇದಿಕೆಯ ಅಂಚಿಗೆ ಬಂದ. ಎರಡೂ ಕೈ ಜೋಡಿಸಿದ.

"ಮೇಷ್ಟ್ರೇ, ನಿಮ್ಮ ದಮ್ಮಯ್ಯ. ನಿಮ್ಮ ಹಾಡು ಹಾಡಿ."

ಆಗಲ್ಲ ಹೋಗಯ್ಯ ಎನ್ನಲೆಂದೇ ಮೇಷ್ಟ್ರು ಬಾಯಿ ತೆರೆದರು. ಆದರೆ ಆ ಮಾತಿಗಾಗಿ ಇಪ್ಪತ್ತು ವರ್ಷ ಕಾದಿದ್ದರು. ಮುಖ ತಾನಾಗಿ ಅರಳಿತು.

"ಪೂರ್ತಿ ಹಾಡ್ಲಾ?"

"ಪೂರ್ತಿ ಮೇಷ್ಟ್ರೇ, ಪೂರ್ತಿ!"

ಈ ಸಲ ಕಣ್ಣು ಮುಚ್ಚಬಾರದೆಂದುಕೊಂಡರು. ಮೊದಲನೇ ಶೂನ್ಯಕ್ಕೇ ಮುಚ್ಚಿಹೋಯಿತು. ಹನ್ನೊಂದು ನಿಮಿಷದ ಮೇಲೆ ತೆರೆದರೆ ಡ್ರಮ್ಮಿನವನೂ ಇರಲಿಲ್ಲ. ಊಟದ ಕೋಣೆಯಿಂದ, ತಟ್ಟೆಗಳ ಸದ್ದಿನ ನಡುವೆ, ಎಲ್ಲರೂ ಸೇರಿ ಲಾಲಲಾ ಹಾಡುತ್ತಿದ್ದರು. ಹೆಂಡತಿಯ ದನಿಯೇ ಎಲ್ಲಕ್ಕಿಂತ ಜೋರಾಗಿತ್ತು.