ಹತ್ತು ಮಾತ್ರೆಯ ಸಾಕ್ಷಿ

ಬಸ್ ನಿಲ್ದಾಣದಲ್ಲಿ ಅವನನ್ನು ಕಂಡವರು ಕಡಿಮೆ, ಕೇಳದವರು ಇಲ್ಲ. ಗಡಿಯಾರದ ಕಂಬದ ಹಿಂದಿನ ಗೂಡಿನಂಥ ಕೋಣೆಯಲ್ಲಿ ಒಂದು ಮೈಕು, ಒಂದು ವೇಳಾಪಟ್ಟಿ, ಒಂದು ಬಿಸಿನೀರಿನ ಫ್ಲಾಸ್ಕು ಇಟ್ಟುಕೊಂಡು ಇಪ್ಪತ್ತೆರಡು ವರ್ಷದಿಂದ ಅವನು ಬಸ್ಸುಗಳನ್ನು ಕೂಗುತ್ತಿದ್ದ. ಕಂಚಿನ ಕಂಠ ಎಂದು ಯಾರೋ ಒಮ್ಮೆ ಹೊಗಳಿದ್ದು ಬಾಯಿಂದ ಬಾಯಿಗೆ ಸವೆದು ಈಗ ಬರೀ ಕಂಚು ಎಂದು ಉಳಿದಿತ್ತು. ದೊಡ್ಡವರಿಗೆ ಕಂಚು, ಉಳಿದವರಿಗೆ ಕಂಚಣ್ಣ. ಹೆಂಡತಿ ಮಾತ್ರ, ಹೊರಗೆ ಕಂಚಂತೆ, ಮನೆಯಲ್ಲಿ ಒಂದು ಸ್ಟೀಲು ಲೋಟವನ್ನೂ ಎತ್ತಿಡುವುದಿಲ್ಲ ಎಂದು ಹೊಲಿಗೆ ಯಂತ್ರದ ಸದ್ದಿನ ನಡುವೆ ಗೊಣಗುತ್ತಿದ್ದಳು.

ಅಕ್ಷರ ಬಾರದವರಿಗೆ ಅವನ ದನಿಯೇ ಬೋರ್ಡು. ನಿಲ್ದಾಣದ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಒಂಟಿ ಹೆಂಗಸೊಬ್ಬಳಿದ್ದಳು. ಎಲ್ಲರ ಬಾಯಲ್ಲೂ ಕ್ಯಾಂಟೀನಕ್ಕ. ಹದಿನೈದು ವರ್ಷದಿಂದ ಅವಳು ಮನೆಯ ಬಸ್ಸನ್ನು ಕಿವಿಯಿಂದಲೇ ಹಿಡಿದವಳು, ಒಂದು ದಿನವೂ ತಪ್ಪು ಬಸ್ಸು ಹತ್ತಿದವಳಲ್ಲ. ಕಂಚಣ್ಣ ಹೇಳಿದ ಮೇಲೆ ಮುಗಿಯಿತು, ಇನ್ನು ಡ್ರೈವರನ್ನು ಕೇಳುವುದೇನು ಎನ್ನುತ್ತಿದ್ದಳು.

ಭಾನುವಾರ ಅದೇ ಕಂಠ ಚರ್ಚಿನ ಸಭೆಗೆ ಬರುತ್ತಿತ್ತು. ಅಲ್ಲಿ ಬೈಬಲಿನ ವಾಕ್ಯ ಓದುವವನು ಅವನೇ. ರಜೆಯಲ್ಲಿದ್ದಾಗ ಒಮ್ಮೆ ಬೇರೆಯವರು ಓದಿದ್ದಕ್ಕೆ, ಪಾಪ, ದೇವರಿಗೆ ನೆಗಡಿಯಾದ ಹಾಗಿತ್ತಂತೆ ಎಂದು ವರದಿ ಒಪ್ಪಿಸಿದ್ದ. ನಗದವರಿರಲಿಲ್ಲ. ನಗಿಸುವುದು ಅವನ ಇನ್ನೊಂದು ವಿದ್ಯೆ. ಪಾಸ್ಟರು ಕಾಣಿಕೆ ತಟ್ಟೆಯತ್ತ ಓರೆಗಣ್ಣು ಬಿಟ್ಟು ಆಶೀರ್ವದಿಸುವುದು, ಡಿಪೋ ಮ್ಯಾನೇಜರು ಮೂಗಿನಲ್ಲೇ ಬೈಯುವುದು, ಎಲ್ಲವನ್ನೂ ಚಹಾ ಆರುವುದರೊಳಗೆ ಮಾಡಿ ತೋರಿಸುತ್ತಿದ್ದ. ಆದರೆ ಮೊದಲ ಐಟಂ ಯಾವಾಗಲೂ ತಮ್ಮನದೇ.

ತಮ್ಮ ನಿಲ್ದಾಣದ ಹಿಂದಿನ ಗ್ಯಾರೇಜಿನಲ್ಲಿ ಟೈರು ಬಿಚ್ಚುವವನು. ಹುಟ್ಟಿನಿಂದ ತೊದಲು. ಅವನು ಒಂದು ಅಕ್ಷರ ಹಿಡಿದು ನಿಂತರೆ ಅಣ್ಣ ಉಳಿದ ಮಾತನ್ನು ಕಿತ್ತುಕೊಂಡು ಮುಗಿಸಿಬಿಡುತ್ತಿದ್ದ. ಇವನ ವಾಕ್ಯ ಮುಗಿಯಲಿ ಅಂತ ಕಾದರೆ ಕರ್ತನಾದ ಯೇಸುವಿನ ಎರಡನೇ ಬರೋಣವೇ ಆಗಿಹೋಗುತ್ತೆ ಎಂದು ಹೇಳಿ, ಆಮೇಲೆ ಆ ತೊದಲನ್ನೇ ಕಂಡಕ್ಟರುಗಳ ಮುಂದೆ ಆಡಿ ತೋರಿಸುತ್ತಿದ್ದ. ಎಲ್ಲರೂ ನಕ್ಕು ಮುಗಿಸಿದ ಮೇಲೂ ತಮ್ಮನೊಬ್ಬನೇ ನಗುತ್ತ ಇರುತ್ತಿದ್ದ. ಅವನಿಗೆ ನಗು ಮಾತ್ರ ತಡೆಯಿಲ್ಲದೆ ಬರುತ್ತಿತ್ತು.

ಒಂದು ದಿನ ಕಂಚಿಗೆ ಕಿಲುಬು ಹಿಡಿಯಿತು, ದನಿ ಗೊಗ್ಗರಾಯಿತು. ಮೊದಲು ನೆಗಡಿ ಎಂದ, ಆಮೇಲೆ ಧೂಳು ಎಂದ, ಮೂರನೇ ತಿಂಗಳು ಹೆಂಡತಿ ಕೈಹಿಡಿದು ಎಳೆದುಕೊಂಡು ಹೋದಳು. ಆಸ್ಪತ್ರೆಯ ಗಂಟಲು ವಿಭಾಗದ ಡಾಕ್ಟರು ಮೂಗಿನೊಳಗೆ ಸಪೂರ ಕೊಳವೆ ಇಳಿಸಿ ಪರದೆಯ ಮೇಲೆ ತೋರಿಸಿದರು. ದನಿಯ ಎರಡು ತಂತುಗಳಲ್ಲಿ ಒಂದು ಅಲುಗುತ್ತಲೇ ಇರಲಿಲ್ಲ. ಅದರ ಮೇಲೆ ಹೂಕೋಸಿನ ಚೂರಿನಂಥದೊಂದು ಕುಳಿತಿತ್ತು. ಅದರ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರು ಎಂದು ಫಲಿತಾಂಶ ಬಂದ ದಿನ, ದನಿಪೆಟ್ಟಿಗೆಯನ್ನೇ ಪೂರ್ತಿ ತೆಗೆಯಬೇಕು, ಇನ್ನು ಮುಂದೆ ಉಸಿರಾಟ ಕತ್ತಿನ ತೂತಿನಿಂದ ಎಂದರು.

"ದನಿ ಹೋಗುತ್ತೆ, ನೀವು ಉಳೀತೀರಿ," ಎಂದರು ಡಾಕ್ಟರು. "ಈ ತಿಂಗಳಲ್ಲಿ ಬಂದ್ರೆ ಈ ಮಾತು ಹೇಳಬಲ್ಲೆ. ಆಮೇಲೆ ಬಂದ್ರೆ ಹೇಳೋಕಾಗಲ್ಲ."

ಆಪರೇಷನ್ನಿನ ದಿನ ಗೊತ್ತುಮಾಡಿ ಚೀಟಿ ಕೊಟ್ಟರು. ಜೊತೆಗೆ ತಗಡುಹಾಳೆಯಲ್ಲಿ ಕೂರಿಸಿದ ಹತ್ತು ಮಾತ್ರೆಗಳ ಒಂದು ಪಟ್ಟಿ. ಇದು ವಾಸಿ ಮಾಡುವ ಮಾತ್ರೆಯಲ್ಲ, ಬಾವು ಇಳಿಸುತ್ತದೆ ಅಷ್ಟೆ ಎಂದು ಎರಡು ಸಲ ಹೇಳಿದರು.

ಮನೆಗೆ ಬಂದವನೇ ಚಮಚವನ್ನು ಮೂಗಿಗೆ ಹಿಡಿದು ಡಾಕ್ಟರನ್ನು ಆಡಿ ತೋರಿಸಿದ. ಹೆಂಡತಿ ನಗಲಿಲ್ಲ. ಹೊಲಿಗೆ ಯಂತ್ರದ ಚಕ್ರವನ್ನು ಕೈಯಿಂದ ತಡೆದು ನಿಲ್ಲಿಸಿ, ಆ ದಿನ ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಕೇಳಿದಳು. ಹೊರಡುವುದಿಲ್ಲ ಎಂದ. ಕೊಟ್ಟವನಿಗೆ ಕಾಯುವುದೂ ಗೊತ್ತು, ನಂಬಿಕೆ ಅಂದರೆ ಇದೇ, ಕತ್ತಿಯ ಕೆಳಗೆ ಕತ್ತು ಕೊಡುವುದಲ್ಲ ಎಂದೆಲ್ಲ ಒಡಕು ದನಿಯಲ್ಲೇ ಉಪದೇಶ ಮಾಡಿದ.

"ಈ ದನಿ ನಂದಲ್ಲ ಕಣೇ, ಕರ್ತನದು. ಅವನ ಸೊತ್ತು ಅವನು ಕಾಪಾಡ್ಕೋತಾನೆ."

"ಅವನದೇ ಆದ್ರೆ, ಅವನೇ ವಾಪಸ್ ಕೇಳ್ತಿದಾನೆ," ಎಂದಳು ಅವಳು. "ಕೊಟ್ಬಿಡಿ."

ಅವನು ಎದ್ದು ಹೋಗಿ ಮೊದಲ ಮಾತ್ರೆ ನುಂಗಿದ.

ಐದನೇ ಮಾತ್ರೆಗೆ ದನಿ ಮರಳಿತು. ಆರನೆಯದಕ್ಕೆ ಕಂಚು ಕಂಚಾಯಿತು. ಅಂದು ಭಾನುವಾರ. ಅವನು ವಾಕ್ಯ ಓದಿದಾಗ ಬೆಂಚುಗಳಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರು ತಿಂಗಳ ಗೊಗ್ಗರು ಎಲ್ಲರಿಗೂ ಗೊತ್ತಿತ್ತು. ಓದು ಮುಗಿಸಿ ಪುಸ್ತಕ ಮುಚ್ಚಿದವನು ಕೆಳಗಿಳಿಯದೆ ಅಲ್ಲೇ ನಿಂತ. ದೇವರು ಮಾಡಿದ್ದಕ್ಕೆ ಸಾಕ್ಷಿ ಹೇಳುವುದಿದೆ ಎಂದ. ಕೊಳವೆ, ಪರದೆ, ಹೂಕೋಸು, ಎಲ್ಲವನ್ನೂ ಹೇಳಿದ. ಮನುಷ್ಯರು ಕೈಬಿಟ್ಟರು, ನಾನು ಮೊಣಕಾಲೂರಿದೆ, ಇಗೋ ಕೇಳಿ, ಕರ್ತನು ನನ್ನನ್ನು ಮುಟ್ಟಿದ ಎಂದ. ಮಾತ್ರೆಯ ಪಟ್ಟಿ ಅಂಗಿಯ ಜೇಬಿನಲ್ಲೇ ಇತ್ತು. ಉಸಿರು ಎಳೆದಾಗಲೆಲ್ಲ ಅದರ ಮೂಲೆ ಎದೆಗೆ ಚುಚ್ಚುತ್ತಿತ್ತು. ಹಾಗೆಂದು ಅವನು ಬೇಕೆಂದೇ ಸುಳ್ಳು ಹೇಳಿದ ಎನ್ನಲಾಗದು. ಸ್ತೋತ್ರ, ಹಲ್ಲೆಲೂಯ ಎಂದು ಜನ ಚಪ್ಪಾಳೆ ತಟ್ಟುವಷ್ಟು ಹೊತ್ತು ಅವನೂ ಅದನ್ನು ನಂಬಿದ್ದ. ಚಪ್ಪಾಳೆ ನಿಂತಾಗ ಹೆಂಗಸರ ಸಾಲಿನಲ್ಲಿ ಹೆಂಡತಿ ತಲೆ ತಗ್ಗಿಸಿ ಕೂತದ್ದು ಕಂಡಿತು.

ಹತ್ತನೇ ಮಾತ್ರೆ ಮುಗಿದ ಮೂರನೇ ದಿನಕ್ಕೆ ಕರ್ತನ ಸ್ಪರ್ಶವೂ ಮುಗಿಯಿತು. ಖಾಲಿ ಪಟ್ಟಿ ಹಿಡಿದು ಎರಡು ಬೀದಿ ಆಚೆಯ ಔಷಧಿ ಅಂಗಡಿಗೆ ಹೋದ. ಮುಂದಿನ ಸಲ ನಾಲ್ಕು ಬೀದಿ ಆಚೆ. ಆಪರೇಷನ್ನಿನ ದಿನ ಬಂತು, ಹೋಯಿತು. ಈಗ ಆಸ್ಪತ್ರೆಗೆ ಹೋಗುವುದೆಂದರೆ ಸಭೆಯಲ್ಲಿ ಎದ್ದು ನಿಂತು ಸಾಕ್ಷಿಯನ್ನು ನುಂಗುವುದು. ಮಾತ್ರೆ ನುಂಗುವುದು ಅದಕ್ಕಿಂತ ಸುಲಭವಿತ್ತು. ನೀವು ಹೇಳದಿದ್ದರೆ ನಾನೇ ಎದ್ದು ಹೇಳುತ್ತೇನೆ ಎಂದು ಹೆಂಡತಿ ಒಮ್ಮೆ ಹೆದರಿಸಿದಳು. ಹೇಳಿದರೆ ಹಾಳಾಗುವುದು ನನ್ನ ಹೆಸರಲ್ಲ, ದೇವರ ಹೆಸರು ಎಂದು ಅವನು ಅವಳ ಬಾಯಿ ಮುಚ್ಚಿಸಿದ. ತನ್ನ ಮುಖ ಉಳಿಸಿಕೊಳ್ಳಲು ದೇವರ ಮುಖವನ್ನು ಅಡ್ಡ ಹಿಡಿದ.

ಒಂದು ಮಧ್ಯಾಹ್ನ ಊಟಕ್ಕೆ ಕ್ಯಾಂಟೀನಿಗೆ ಹೋದಾಗ ಕ್ಯಾಂಟೀನಕ್ಕ ಒಲೆ ಬಿಟ್ಟು ಹೊರಗೆ ಬಂದಳು. ತಲೆಗೆ ಬಟ್ಟೆ ಕಟ್ಟಿದ್ದಳು, ಕೆಳಗೆ ಕೂದಲಿರಲಿಲ್ಲ. ಎದೆಯಲ್ಲಿ ಗಂಟು, ಯಾರಿಗೂ ಹೇಳಿರಲಿಲ್ಲ, ಆಸ್ಪತ್ರೆಯಲ್ಲಿ ಆರು ಸಲ ಸೂಜಿಮದ್ದು ಏರಿಸಬೇಕು ಎಂದಿದ್ದರು, ಮೂರು ಆಗಿತ್ತು ಎಂದಳು.

"ಸಭೇಲಿ ನಿಮ್ಮ ಸಾಕ್ಷಿ ಕೇಳಿ ಸೂಜಿ ಬಿಟ್ಬಿಟ್ಟೆ ಕಂಚಣ್ಣ. ಅದೇ ದೇವ್ರು ತಾನೇ ನನಗೂ ಇರೋದು? ಆದ್ರೆ ನಿಮ್ಮಷ್ಟು ನಂಬಿಕೆ ನನಗೆಲ್ಲಿ. ನೀವೇ ಒಂದು ಮಾತು ಪ್ರಾರ್ಥನೆ ಮಾಡಿ."

ನಾಳೆಯೇ ಆಸ್ಪತ್ರೆಗೆ ಹೋಗಕ್ಕ. ಇಷ್ಟೇ ಮಾತು. ನಾಲಗೆಯ ತುದಿಯವರೆಗೂ ಬಂದಿತ್ತು. ಅಷ್ಟರಲ್ಲಿ ಗಲ್ಲಾದ ಹತ್ತಿರ ನಿಂತಿದ್ದ ಡ್ರೈವರುಗಳು, ಕಂಡಕ್ಟರುಗಳು ಟೋಪಿ ತೆಗೆದರು. ಅವನ ಮಿಮಿಕ್ರಿಗೆ ನಗಲು ಸೇರುತ್ತಿದ್ದವರೇ ಈಗ ಅವನ ಮುಂದೆ ತಲೆಬಾಗಿ ನಿಂತಿದ್ದರು. ಅವನು ಕೈ ಎತ್ತಿದ, ಪ್ರಾರ್ಥಿಸಿದ. ಬಲು ಚೆನ್ನಾಗಿ ಪ್ರಾರ್ಥಿಸಿದ. ಮೂರನೇ ಪಟ್ಟಿಯ ನಾಲ್ಕನೇ ಮಾತ್ರೆ ಒಳ್ಳೆಯ ಹದದಲ್ಲಿತ್ತು. ತಗಡಿನ ಮಾಡಿಗೆ ತಾಗಿ ದನಿ ಹೇಗೆ ದುಂಡಗೆ ಮರಳುತ್ತಿದೆ ಎಂದು ನಡುವೆ ಅವನು ಗಮನಿಸಿಯೂ ಇದ್ದ. ಆಮೆನ್ ಎಂದಾಗ ಅವಳ ಕಣ್ಣು ತುಂಬಿತ್ತು. ಅವನಿಗೆ ಬಡಿಸಿದ ತಟ್ಟೆಯಲ್ಲಿ ಅಂದು ಒಂದು ಸೌಟು ಹೆಚ್ಚಿಗೆ ಇತ್ತು. ಅದನ್ನೂ ಅವನು ತಿಂದ.

ಮತ್ತೆ ಎರಡು ತಿಂಗಳು ಕಳೆಯಿತು. ಮಾತ್ರೆ ಮೊದಲು ಎರಡಾಯಿತು, ಆಮೇಲೆ ಎಷ್ಟಾದರೂ ಅಷ್ಟೇ ಆಯಿತು. ಒಂದು ಬೆಳಿಗ್ಗೆ ಪ್ಲಾಟ್‌ಫಾರಂ ನಾಲ್ಕರ ಬಸ್ಸನ್ನು ಕೂಗುತ್ತಿದ್ದಾಗ ಊರಿನ ಹೆಸರು ಅರ್ಧಕ್ಕೆ ನಿಂತು, ಎಂಟೂ ಧ್ವನಿವರ್ಧಕಗಳಿಂದ ಗೊರಗೊರ ಉಸಿರು ಮಾತ್ರ ಬಂತು. ಇದು ಯಾರ ಮಿಮಿಕ್ರಿ ಎಂದು ಕೆಲವರು ನಕ್ಕರು. ತಮ್ಮ ಮಾತ್ರ ಜ್ಯಾಕ್ ಎಸೆದು ಓಡಿಬಂದ. ಗಾಳಿ ಸೋರುವ ಸದ್ದು ಅವನಿಗೆ ಗೊತ್ತಿತ್ತು. ನೀಲಿಗಟ್ಟಿದ ಅಣ್ಣನನ್ನು ಗ್ರೀಸು ಮೆತ್ತಿದ ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಒಯ್ದ.

ಕತ್ತಿನಲ್ಲಿ ತೂತು ಮಾಡಿ ಕೊಳವೆ ಕೂರಿಸಿದರು. ಜೀವ ಉಳಿಯಿತು, ಸ್ವಲ್ಪ ದಿನಕ್ಕೆ. ಕ್ಯಾನ್ಸರು ಶ್ವಾಸಕೋಶಕ್ಕೆ ಇಳಿದಾಗಿತ್ತು, ಇನ್ನು ಕತ್ತರಿಸಿ ಪ್ರಯೋಜನವಿರಲಿಲ್ಲ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಒಳಗೊಳಗೇ ಆದರೂ ಅವರನ್ನು ಆಡಿಕೊಳ್ಳಬಹುದಿತ್ತು. ಅವರು ಸುಮ್ಮನೆ ಅವನ ಹೊದಿಕೆಯನ್ನು ಸರಿಮಾಡಿ ಹೋದರು.

ದಿನಕ್ಕೆ ನಾಲ್ಕು ಸಲ ಕೊಳವೆಯ ಕಫ ತೆಗೆದು ತೊಳೆಯಬೇಕಿತ್ತು. ನರ್ಸು ಕಲಿಸಿಕೊಡಲು ಹೆಂಡತಿಯನ್ನು ಕರೆದಳು. ತಮ್ಮ ಮುಂದೆ ಬಂದ.

"ಟ್ಯೂ... ಟ್ಯೂಬಿನ ಕೆಲಸ ನಂ... ನಂದೇ ಅಲ್ವಾ ಅತ್ತಿಗೆ," ಎಂದ.

ಒಳ್ಳೆಯ ಜೋಕು. ಅವನು ಮಾಡಿದ ಮೊದಲ ಜೋಕು. ಅಣ್ಣನಿಗೆ ನಗಲು ದನಿಯಿರಲಿಲ್ಲ.

ಮನೆಗೆ ಬಂದ ಮೇಲೆ ಪಾಸ್ಟರು ಬಂದು ಹೋದರು. ದೇವರ ಮಾರ್ಗಗಳು ನಿಗೂಢ ಎಂದರು. ಅವನು ಹಾಳೆ ತೆಗೆದುಕೊಂಡು, ನಿಗೂಢ ಏನಿಲ್ಲ, ಮಾತ್ರೆ ತಿಂದಿದ್ದೆ ಎಂದು ಬರೆದು ಕೊಟ್ಟ. ಪಾಸ್ಟರು ಓದಿದರು, ನಾಲ್ಕಾಗಿ ಮಡಿಸಿದರು, ಇದು ನಮ್ಮೊಳಗೇ ಇರಲಿ ಎಂದು ಜೇಬಿಗೆ ಹಾಕಿಕೊಂಡರು. ಆ ಜೇಬನ್ನು ಅವನು ನೋಡುತ್ತ ಕೂತ. ಅವರು ಎದ್ದು ಹೋಗುವಾಗ ಕ್ಯಾಂಟೀನಕ್ಕ ಕೆಲಸ ಬಿಟ್ಟು ಹಾಸಿಗೆ ಹಿಡಿದಿದ್ದಾಳೆಂಬ ಸುದ್ದಿ ಹೇಳಿದರು.

ಅಂದೇ ಮಧ್ಯಾಹ್ನ ತಮ್ಮನ ತೋಳು ಹಿಡಿದುಕೊಂಡು ಹೊರಟ. ಅವಳ ಬಸ್ಸಿನಲ್ಲೇ ಹೋದರು. ನಿಲ್ದಾಣದಲ್ಲಿ ಈಗ ಯಾರೋ ಹೊಸಬ ಕೂಗುತ್ತಿದ್ದ. ಚೆನ್ನಾಗಿರಲಿಲ್ಲ. ಆದರೂ ಬಸ್ಸು ಬಂತು.

ಅವಳದು ಒಂದೇ ಕಿಟಕಿಯ ಕೋಣೆ. ಮೂಲೆಯಲ್ಲಿ ಆರಿದ ಒಲೆ, ತಲೆದಿಂಬಿನ ಪಕ್ಕ ನೀರಿನ ಲೋಟ. ಗೋಡೆಗೆ ಒರಗಿ ಕೂರಲು ಪ್ರಯತ್ನಿಸಿದಳು, ಆಗಲಿಲ್ಲ. ಅವನು ಮನೆಯಿಂದ ಬರೆದು ತಂದ ಹಾಳೆಯನ್ನು ಅವಳ ಕೈಗಿಟ್ಟ. ಅವಳು ಅದನ್ನು ತಲೆಕೆಳಗಾಗಿ ಹಿಡಿದು ಅವನ ಮುಖ ನೋಡಿದಳು. ಇಪ್ಪತ್ತೆರಡು ವರ್ಷ ಅಕ್ಷರ ಬಾರದವರ ಬೋರ್ಡಾಗಿದ್ದವನಿಗೆ ಈ ಒಂದು ಸಂಗತಿ ಮರೆತುಹೋಗಿತ್ತು.

ಹಾಳೆಯನ್ನು ವಾಪಸು ತೆಗೆದುಕೊಂಡು ತಮ್ಮನ ಕಡೆ ಚಾಚಿದ. ತಮ್ಮ ಬೇಡ ಎಂಬಂತೆ ಕೈ ಹಿಂದಕ್ಕೆ ಎಳೆದುಕೊಂಡ. ಅಣ್ಣ ಕೈಮುಗಿದ. ಅವರಿಬ್ಬರ ಆಯುಷ್ಯದಲ್ಲಿ ಅದು ಹಿಂದೆಂದೂ ಆಗಿರಲಿಲ್ಲ.

ಹಾಳೆಯಲ್ಲಿ ಇದ್ದದ್ದು ನಾಲ್ಕು ಸಾಲು. ನಾನು ವಾಸಿಯಾಗಿರಲಿಲ್ಲ. ಮಾತ್ರೆ ತಿಂದಿದ್ದೆ. ನಿಮಗೆ ಸುಳ್ಳು ಹೇಳಿದೆ. ಆಸ್ಪತ್ರೆಗೆ ಹೋಗಿ. ಅಷ್ಟನ್ನು ಓದಲು ತಮ್ಮನಿಗೆ ಎಷ್ಟು ಹೊತ್ತು ಹಿಡಿಯಿತೋ. "ಸು... ಸು..." ಎಂದು ಅವನು ನಿಂತುಬಿಟ್ಟಾಗ ಹಳೆಯ ಅಭ್ಯಾಸದಿಂದ ಅಣ್ಣನ ಬಾಯಿ ತೆರೆದು ಉಳಿದ ಮಾತಿಗೆ ಆಕಾರ ಕೊಟ್ಟಿತು. ಕತ್ತಿನ ಕೊಳವೆಯಿಂದ ಗಾಳಿ ಹಾದುಹೋಯಿತು, ಅಷ್ಟೆ. ಬಾಯಿ ಮುಚ್ಚಿ ಕಾದ. ತಮ್ಮನ ಹಣೆಯ ನರ ಉಬ್ಬಿತ್ತು. ಕೊನೆಗೂ ಆ ಮಾತನ್ನು ಅವನು ತಾನೇ ಹೊರಗೆ ತಂದ.

ಕ್ಯಾಂಟೀನಕ್ಕ ಎಲ್ಲ ಕೇಳಿಸಿಕೊಂಡಳು. ಕಳೆದ ವಾರವೇ ಆಸ್ಪತ್ರೆಗೆ ಹೋಗಿದ್ದೆ, ಇನ್ನು ಮನೆಯಲ್ಲೇ ಇರಿ ಎಂದು ಕಳಿಸಿದರು ಎಂದಳು. ಸಿಟ್ಟಿರಲಿಲ್ಲ. ತುಸು ಹೊತ್ತು ಅವನ ಕತ್ತಿನ ತೂತನ್ನೇ ನೋಡಿದಳು.

"ಮಾತ್ರೆ ತಿಂದ್ರೆ ತಿಂದ್ರಿ ಬಿಡಿ. ಅವತ್ತು ನನಗೋಸ್ಕರ ಪ್ರಾರ್ಥನೆ ಮಾಡಿದ್ರಲ್ಲ, ಅದಾದ್ರೂ ನಿಜಾನಾ?"

ಹೌದೆಂದು ಒಂದು ಸಲ ತಲೆಯಾಡಿಸಿದ್ದರೆ ಆಗುತ್ತಿತ್ತು. ತಗಡಿನ ಮಾಡು ನೆನಪಾಯಿತು, ದುಂಡಗೆ ಮರಳಿದ ದನಿ ನೆನಪಾಯಿತು. ಇಲ್ಲವೆಂದು ತಲೆಯಾಡಿಸಿದ.

ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು.

"ಹಾಗಾದ್ರೆ ನನಗೋಸ್ಕರ ಯಾರೂ ಪ್ರಾರ್ಥನೆ ಮಾಡೇ ಇಲ್ಲ."

ಕಿಟಕಿಯಾಚೆ ಒಂದು ಬಸ್ಸು ನಿಂತು ಹೋಯಿತು. ಅವನು ನೆಲಕ್ಕೆ ಮೊಣಕಾಲೂರಿದ. ಒಬ್ಬನಿಂದಲೇ ಆಗಲಿಲ್ಲ, ತಮ್ಮ ಕಂಕುಳಿಗೆ ಕೈಕೊಟ್ಟು ಇಳಿಸಿದ. ಸದ್ದಾದ ಕಡೆ ತಿರುಗಿದ ಅವಳು ಅದನ್ನು ಕಂಡು, ಜಾರಿದ ಬಟ್ಟೆಯನ್ನು ತಲೆಯ ಮೇಲೆ ಎಳೆದುಕೊಂಡು ಕಣ್ಣು ಮುಚ್ಚಿದಳು.

ಅವನು ಮಾತಿಗಾಗಿ ಒಳಗೆ ತಡಕಾಡಿದ. ಬಾಯಿಲ್ಲದಿದ್ದರೂ ಮನಸ್ಸಿದೆಯಲ್ಲ ಎಂದುಕೊಂಡಿದ್ದ. ಅಲ್ಲಿ ಪಾಸ್ಟರ ದನಿಯಿತ್ತು, ಮ್ಯಾನೇಜರ ದನಿಯಿತ್ತು, ಬಸ್ಸು ಕೂಗುವ ದನಿಯಿತ್ತು. ಒಂದೊಂದನ್ನೂ ತೆಗೆದು ಬದಿಗಿಟ್ಟ. ಎಲ್ಲ ತೆಗೆದ ಮೇಲೆ ಏನೂ ಉಳಿಯಲಿಲ್ಲ. ಯಾರಾದರೂ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ ಎಂಬಂತೆ ಖಾಲಿ ಕೈ ಮೇಲೆ ಮಾಡಿ ಹಾಗೇ ಕೂತ. ಯಾರೂ ಏನೂ ಕೊಟ್ಟಂತೆ ಕಾಣಲಿಲ್ಲ. ಕೊಳವೆಯಲ್ಲಿ ಉಸಿರು ಒಳಗೆ ಹೋಗುತ್ತಿತ್ತು, ಸಣ್ಣಗೆ ಸಿಳ್ಳೆ ಹಾಕಿ ಹೊರಗೆ ಬರುತ್ತಿತ್ತು.

ಅವಳು ಕಣ್ಣು ಮುಚ್ಚಿಕೊಂಡೇ ಕಾದಳು. ಬಹಳ ಹೊತ್ತು ಕಾದಳು.

"ಶುರು ಮಾಡಿದ್ರಾ, ಕಂಚಣ್ಣ?"

ಉತ್ತರ ಕೊಡಬಲ್ಲವನು ಅಲ್ಲಿ ತಮ್ಮನೊಬ್ಬನೇ. ಅವನು ಅಣ್ಣನ ಬಾಗಿದ ತಲೆಯನ್ನು ನೋಡಿದ, ಬಾಯಿ ತೆರೆದ.

"ಮಾ..." ಎಂದ. "ಮಾ... ಮಾ..."

ಮಾಡ್ತಿದಾನೆ ಎಂದೋ, ಮಾಡಿಲ್ಲ ಎಂದೋ, ಅದನ್ನು ಮುಗಿಸಿಕೊಡುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.