ಕಪ್ಪೆಕೊಳದ ಹಸಿರು ದೀಪ

ಹಸಿ ಮೆರುಗಿನ ವಾಸನೆ ಹುಳಿತ ಗಂಜಿಯ ಹಾಗಿರುತ್ತದೆ. ಯುನ್-ಶಾನ್ ಚಿಕ್ಕವಳಿದ್ದಾಗ ಅಪ್ಪನ ವಾಸನೆ ಎಂದರೆ ಅದೇ. ಫೆಂಗ್‌ಯುವಾನ್ ಊರಿನ ಮೆರುಗಿನ ಕಾರ್ಖಾನೆಯಿಂದ ಹೊರಟ ಅಪ್ಪ ಇನ್ನೂ ಓಣಿಯ ತಿರುವಿನಲ್ಲಿರುವಾಗಲೇ ಆ ಹುಳಿ ವಾಸನೆ ಮುಂದಾಗಿ ಬಂದು ಹೊಸ್ತಿಲಲ್ಲಿ ಕುಳಿತಿದೆ ಎಂದು ಅವಳಿಗೆ ಅನಿಸುತ್ತಿತ್ತು. ಮರದ ಬಟ್ಟಲುಗಳು ಮಿನುಗಲೆಂದು ಬಳಿಯುವ ಆ ಗಿಡದ ಹಾಲು ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಅಪ್ಪನ ಕೈಗಳ ತುಂಬ ಬೊಬ್ಬೆಗಳಿವೆ ಎಂದು ಅವಳಿಗೆ ತಿಳಿದದ್ದು ಹೈಸ್ಕೂಲಿಗೆ ಬಂದ ಮೇಲೆ, ಅದೂ ಅಮ್ಮ ಬಾಯಿ ತಪ್ಪಿ ಹೇಳಿದಾಗ. ಮಗಳು ನೋಡಿ ಹೆದರಬಾರದೆಂದು ಅಷ್ಟು ವರ್ಷ ಬೇಸಿಗೆಯಲ್ಲೂ ಉದ್ದ ತೋಳಿನ ಅಂಗಿ ತೊಟ್ಟಿದ್ದ. ಅಂದಿನಿಂದ ಅಪ್ಪ ‘ಏನೂ ಇಲ್ಲ’ ಎಂದರೆ ಏನೋ ಇದೆ ಎಂದೇ ಅವಳು ತಿಳಿಯುತ್ತಿದ್ದಳು.

ಇವತ್ತು ಬೆಳಿಗ್ಗೆ ಅಪ್ಪನ ಮುಖ ಊದಿಕೊಂಡಿತ್ತು.

"ಏನಪ್ಪಾ, ಮುಖ ಹೀಗಿದೆ?"

"ಏನೂ ಇಲ್ವೇ. ನಿದ್ದೆ ಜಾಸ್ತಿ ಆಯ್ತು. ನಿನ್ ರೈಲು ಹೋಗುತ್ತೆ ನೋಡು."

ರೈಲು ಹೋಗುವುದರಲ್ಲಿತ್ತು, ಅವಳು ಓಡಿದಳು. ತೈಚುಂಗ್ ನಗರದ ಆಫೀಸು ಸೇರಿ ಕುರ್ಚಿಯಲ್ಲಿ ಕೂತವಳೇ ಮೊಬೈಲ್ ತೆಗೆದು ನೋಡಿದಳು. ಕಪ್ಪೆಕೊಳ ಆಟದ ಗೆಳೆಯರ ಸಾಲಿನಲ್ಲಿ ಅಪ್ಪನ ಹೆಸರಿನ ಪಕ್ಕ ಹಸಿರು ದೀಪ ಉರಿಯುತ್ತಿತ್ತು. ಸದ್ಯ ಎಂದುಕೊಂಡಳು.

ಅಪ್ಪ ತು ಜಿನ್-ಫಾಗೆ ಕಿವಿ ಮಂದ, ಫೋನಿನ ಗಂಟೆ ಕೇಳಿಸದು; ಅಮ್ಮ ತೀರಿಕೊಂಡ ಮೇಲೆ ಹಗಲೆಲ್ಲ ಮನೆಯಲ್ಲಿ ಒಬ್ಬನೇ. ಹೋದ ಚಳಿಗಾಲದಲ್ಲಿ ಬಚ್ಚಲಲ್ಲಿ ತಲೆ ಸುತ್ತಿ ಬಿದ್ದವನನ್ನು ಎದುರು ಮನೆಯ ಬಾವೋಜು ಚಿಕ್ಕಮ್ಮ ಎಬ್ಬಿಸಿ ಕೂರಿಸಿದ್ದಳು. ಬಿ.ಪಿ. ಅಂತೆ, ಉಪ್ಪು ಬಿಡಬೇಕಂತೆ ಎಂದು ಅಪ್ಪ ಹೇಳಿದ. ಆಮೇಲೆ ಯುನ್-ಶಾನ್‌ಗೆ ಆಫೀಸಿನಲ್ಲಿ ಕೂತರೂ ಜೀವ ಮನೆಯಲ್ಲೇ. ಕೊನೆಗೆ ತನ್ನ ಕಂಪನಿಯ, ಚಿತ್ರಗಳು ಉರುಳುವ ಸ್ಲಾಟ್ ಆಟಗಳನ್ನು, ತಾನೇ ಲೆಕ್ಕ ಹಾಕಿ ಕಟ್ಟಿದ ಕಪ್ಪೆಕೊಳವನ್ನೂ ಸೇರಿಸಿ, ಅಪ್ಪನ ಟ್ಯಾಬ್ಲೆಟ್‌ಗೆ ಹಾಕಿಕೊಟ್ಟಳು. ಅಂಗಡಿಯಲ್ಲಿ ಸಿಗುವ ಚಿಕ್ಕ ಕಾರ್ಡ್ ತಂದರೆ ಆಡಲು ಪಾಯಿಂಟುಗಳು ಸಿಗುತ್ತವೆ. ಗೆದ್ದ ಪಾಯಿಂಟುಗಳನ್ನು ಹಣ ಮಾಡಿಕೊಳ್ಳುವ ಹಾಗಿಲ್ಲ, ಬರೀ ಹೊತ್ತು ಕಳೆಯಲು. ಅಪ್ಪ ಯಾವುದನ್ನು ಆಡುತ್ತಿದ್ದರೂ ದೀಪ ಹಸಿರು, ಪಾಯಿಂಟು ಮುಗಿದು ಆಟ ನಿಂತರೆ ಆರುತ್ತದೆ. ಅಪ್ಪನ ಮಾತನ್ನು ನಂಬದವಳು ದೀಪವನ್ನು ನಂಬಿದಳು.

ಅವಳು ಒಂದು ಕಪ್ಪೆಯ ಚಿತ್ರ ಕಳಿಸಿದಳು. ಅಪ್ಪ ಅದಕ್ಕೆ ಕೈಬೀಸುವ ಕಪ್ಪೆಯನ್ನು ಎಷ್ಟೋ ದಿನ ಮರಳಿ ಕಳಿಸುತ್ತಿದ್ದ, ಕೆಲವು ದಿನ ಮರೆಯುತ್ತಿದ್ದ. ಇವತ್ತು ಕಳಿಸಲಿಲ್ಲ. ದೀಪ ಮಾತ್ರ ಉರಿಯುತ್ತಲೇ ಇತ್ತು.

ಊಟದ ಹೊತ್ತು ಹತ್ತಿರವಾದಾಗ ಗುವೋ ಅಣ್ಣ ಕುರ್ಚಿ ಎಳೆದುಕೊಂಡು ಬಂದರು. ಪತ್ರಿಕೆಯೊಂದರಲ್ಲಿ ಅಡುಗೆಯ ಅಂಕಣ ಬರೆಯುತ್ತಿದ್ದವರು. ಪತ್ರಿಕೆ ಮುಚ್ಚಿದ ಮೇಲೆ ಇಲ್ಲಿ ಜಾಹೀರಾತು ಬರೆಯಲು ಸೇರಿದ್ದರು.

"ನೋಡಮ್ಮಾ ಶಾನ್, ನಿನ್ನ ಈ ಕಪ್ಪೆ ಆಟ ಯಾರಿಗೆ ಒಪ್ಪುತ್ತೆ ಅಂತ ಎರಡು ಸಾಲು ಬರೀಬೇಕಂತೆ. ನಂಗೆ ಬರೋದು ಮೂಲಂಗಿ ಕಡುಬು ಯಾರಿಗೆ ಒಪ್ಪುತ್ತೆ ಅಂತ ಬರೆಯೋಕೆ."

ಯುನ್-ಶಾನ್ ಮೊಬೈಲ್ ಮೇಲಿನ ಕಣ್ಣು ತೆಗೆಯದೆ ನಕ್ಕಳು. "ನಮ್ಮದೇ ಗುಡುಗು ಡ್ರ್ಯಾಗನ್ ಆಟ ಇದೆಯಲ್ಲ ಗುವೋ ಅಣ್ಣ, ಅದರ ಏರಿಳಿತ ಜಾಸ್ತಿ. ಗಂಟೆಗಟ್ಟಲೆ ಏನೂ ಕೊಡಲ್ಲ, ಸುಮ್ನೆ ನುಂಗ್ತಾ ಹೋಗುತ್ತೆ. ಒಂದ್ಸಲ ಕೊಟ್ರೆ ಬಕೆಟ್ಟೇ ಸುರಿಯುತ್ತೆ. ಕಪ್ಪೆಕೊಳದಲ್ಲಿ ಏರಿಳಿತ ಕಡಿಮೆ. ಮೂರ್ನಾಲ್ಕು ಸಲ ತಿರುಗಿಸಿದ್ರೆ ಒಂದ್ಸಲ ಏನಾದ್ರೂ ಉದುರುತ್ತೆ, ಒಂದೊಂದೇ ಗುಟುಕು."

"ಅಂದ್ರೆ ಇದರಲ್ಲಿ ಜಾಸ್ತಿ ಗೆಲ್ತಾರೆ."

"ಇಲ್ಲಪ್ಪ. ಲಕ್ಷ ಸಲ ತಿರುಗಿಸಿ ನೋಡಿದ್ರೆ ಎರಡೂ ವಾಪಸ್ ಕೊಡೋದು ಹೆಚ್ಚುಕಡಿಮೆ ಅಷ್ಟೇನೇ. ಉಳಿದಿದ್ದು ಕಂಪನಿಗೆ. ಕೊಡೋ ರೀತಿ ಬೇರೆ. ಮತ್ತೆ ಇಲ್ಲಿ ಉದುರೋದು ಎಷ್ಟೋ ಸಲ ಹಾಕಿದ್ದಕ್ಕಿಂತ ಕಡಿಮೇನೇ. ನೂರು ಹಾಕಿ ನಲವತ್ತು ಬಂದ್ರೂ ಕಪ್ಪೆ ಕುಣಿಯುತ್ತೆ."

"ಅರವತ್ತು ಹೋದದ್ದಕ್ಕೆ ಕುಣಿಯುತ್ತಾ? ನಾಚಿಕೆಗೆಟ್ಟ ಕಪ್ಪೆ!"

"ಅದಕ್ಕೇ ಹೋದದ್ದು ಗೊತ್ತಾಗಲ್ಲ. ದೊಡ್ಡ ಗಂಟು ಬೇಕು ಅನ್ನೋರಿಗೆ ಇದು ಬೇಸರ. ಸ್ವಲ್ಪ ಪಾಯಿಂಟ್ ಇಟ್ಕೊಂಡು ತುಂಬಾ ಹೊತ್ತು ಕೂರೋರಿಗೆ, ಎದೆ ಹೊಡ್ಕೊಳ್ಳೋದು ಬೇಡ ಅನ್ನೋರಿಗೆ ಸರಿ. ಆದರೆ ಎದ್ದು ಹೋಗೋಕೆ ಒಂದು ನೆಪ ಸಿಗಲ್ಲ, ಅದೊಂದು ಕಾಟ. ಆಟ ತನ್ನಷ್ಟಕ್ಕೆ ತಿರುಗೋ ಹಾಗೆ ಗುಂಡಿ ಒತ್ತಿಬಿಟ್ರಂತೂ ನೀವು ಸಂತೆಗೆ ಹೋಗಿ ಕ್ಷೌರ ಮಾಡಿಸ್ಕೊಂಡು ಬಂದ್ರೂ..."

"ಆಡೋನು ಗೊಟಕ್ ಅಂದ್ರೂ ಕಪ್ಪೆ ವಟಗುಟ್ತಾ ಇರುತ್ತೆ ಅನ್ನು!" ಗುವೋ ಅಣ್ಣ ತೊಡೆ ತಟ್ಟಿ ನಕ್ಕರು.

ಯುನ್-ಶಾನ್ ನಗಲಿಲ್ಲ. ಆಟದ ಲೆಕ್ಕ ಆಫೀಸಿನದು, ಅಪ್ಪನ ದೀಪ ಮನೆಯದು. ಇಷ್ಟು ತಿಂಗಳು ಇವೆರಡನ್ನೂ ಅವಳು ಒಟ್ಟಿಗೆ ಇಟ್ಟು ನೋಡಿರಲಿಲ್ಲ. ಆ ದೀಪ ಹೇಳುತ್ತಿದ್ದುದು ಕಪ್ಪೆ ಕುಣಿಯುತ್ತಿದೆ ಎಂದಷ್ಟೇ. ಅಪ್ಪ ಉಸಿರಾಡುತ್ತಿದ್ದಾನೆ ಎಂದು ಅದು ಯಾವತ್ತೂ ಹೇಳಿರಲಿಲ್ಲ.

ಅಪ್ಪನಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ಬಾವೋಜು ಚಿಕ್ಕಮ್ಮನಿಗೆ ಮಾಡಿದಳು. ಅವಳೂ ಎತ್ತಲಿಲ್ಲ.

ಗುವೋ ಅಣ್ಣ ಅವಳ ಚೀಲಕ್ಕೆ ಮೊಬೈಲ್ ಚಾರ್ಜರ್ ಹಾಕಿ, ಗೋಡೆಗೆ ಒರಗಿಸಿದ್ದ ತಮ್ಮ ಛತ್ರಿಯನ್ನು ಅವಳ ಕೈಗಿಟ್ಟು, "ನಾನು ಇಲ್ಲಿ ಹೇಳ್ಕೊತೀನಿ, ನೀನು ಹೊರಡು" ಎಂದರು.

ಲೋಕಲ್ ರೈಲು ಅವತ್ತು ತೆವಳುತ್ತಿದೆ ಅನಿಸಿತು. ಅವಳ ಮುಖ ನೋಡಿಯೋ ಏನೋ, ಶಾಲೆಯ ಹುಡುಗಿಯೊಬ್ಬಳು ಇಳಿಯುವವಳಂತೆ ಎದ್ದು ಸೀಟು ಬಿಟ್ಟಳು. ಇಳಿಯದೆ ಬಾಗಿಲ ಬಳಿ ಬೆನ್ನು ಮಾಡಿ ನಿಂತಳು. ಯುನ್-ಶಾನ್ ಕೂತು ಅಪ್ಪನ ಆಟದ ಮೇಜನ್ನು ಮೊಬೈಲಿನಲ್ಲಿ ತೆರೆದಳು. ಗೆಳೆಯರ ಆಟವನ್ನು ಹೀಗೆ ಇಣುಕಿ ನೋಡಬಹುದು. ತಾವರೆ, ಮೀನು, ಕಪ್ಪೆ ಸಾಲಾಗಿ ಉರುಳುತ್ತಿದ್ದವು. ಪಾಯಿಂಟು ಒಂದಿಷ್ಟು ಇಳಿಯಿತು, ಮತ್ತೆ ಕೊಂಚ ಏರಿತು, ಇನ್ನಷ್ಟು ಇಳಿಯಿತು. ಉರುಳುವುದರ ನಡುವಿನ ಬಿಡುವು ಪ್ರತಿಸಲವೂ ಒಂದೇ ಅಳತೆ. ಮನುಷ್ಯರ ಬೆರಳಾದರೆ ಒಮ್ಮೆ ತಡವಾಗುತ್ತದೆ, ಒಮ್ಮೆ ಅವಸರ ಮಾಡುತ್ತದೆ. ಇಲ್ಲಿ ಬೆರಳೇ ಇರಲಿಲ್ಲ.

ಆದರೂ ಅವಳು ಆ ಅಂಕಿಯನ್ನು ಆಸ್ಪತ್ರೆಯಲ್ಲಿ ಎದೆಬಡಿತ ತೋರಿಸುವ ಪರದೆಯಂತೆ ದಿಟ್ಟಿಸುತ್ತಿದ್ದಳು. ಸೊನ್ನೆಯಾಗಬೇಡ, ಸೊನ್ನೆಯಾಗಬೇಡ ಎಂದು ಒಳಗೇ ಬೇಡಿಕೊಂಡಳು. ಇದಕ್ಕೂ ಅಪ್ಪನ ಜೀವಕ್ಕೂ ಸಂಬಂಧವಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಬಲ್ಲ ಮಾತ್ರಕ್ಕೆ ಬೇಡಿಕೊಳ್ಳುವುದು ನಿಲ್ಲುತ್ತದೆಯೇ?

ಮನೆಗೆ ಬೀಗ ಹಾಕಿತ್ತು. ತನ್ನ ಕೀಲಿಯಿಂದ ತೆರೆದಳು. ಒಳಗೆ ಮೊದಲು ಕೇಳಿದ್ದು ಕಪ್ಪೆಯ ಸದ್ದು. ಊಟದ ಮೇಜಿನ ಮೇಲೆ ಟ್ಯಾಬ್ಲೆಟ್ ಬಿಸಿನೀರಿನ ಫ್ಲಾಸ್ಕಿಗೆ ಒರಗಿತ್ತು. ಅದಕ್ಕೆ ಚಾರ್ಜರಿನ ತಂತಿ ಸಿಕ್ಕಿಸಿತ್ತು, ಜಾರದಿರಲಿ ಎಂದು ಮುಂದೆ ಚಹಾದ ಲೋಟ ಅಡ್ಡ ಇಟ್ಟಿತ್ತು. ಎದುರಿನ ಕುರ್ಚಿ ಖಾಲಿ. ಬಚ್ಚಲಲ್ಲಿ, ಮಂಚದ ಪಕ್ಕ, ಹಿತ್ತಲ ಬಾಗಿಲಲ್ಲಿ ಎಲ್ಲೂ ಅಪ್ಪ ಇಲ್ಲ. ಹೊರಗೆ ಹಾಕಿಕೊಂಡು ಹೋಗುವ ಮೆಟ್ಟೂ ಕಾಣಲಿಲ್ಲ. ಬಿದ್ದಿಲ್ಲ ಎಂದು ಒಂದು ಉಸಿರು ಬಿಟ್ಟಳು. ಹಾಗಾದರೆ ಎಲ್ಲಿ ಎಂದು ಓಣಿ ದಾಟಿ ಓಡಿದಳು.

ಎದುರಿನ ತಿಂಡಿ ಅಂಗಡಿಯಲ್ಲಿ ಬಾವೋಜು ಚಿಕ್ಕಮ್ಮ ಬೆಳಗಿನ ವ್ಯಾಪಾರ ಮುಗಿಸಿ ಕಾವಲಿ ಕೆರೆಯುತ್ತಿದ್ದಳು. ಯುನ್-ಶಾನ್‌ಳನ್ನು ಕಂಡು ಅವಳ ಕೈ ನಿಂತಿತು.

"ಚಿಕ್ಕಮ್ಮಾ, ಅಪ್ಪ ಎಲ್ಲಿ?"

"ಅಪ್ಪನಾ? ದೇವಸ್ಥಾನದ ಕಟ್ಟೆ ಮೇಲೆ ಚೆಸ್ ಆಡ್ತಿರಬೇಕು ಬಿಡು."

"ಈ ಬಿಸಿಲಲ್ಲಾ?"

"ಹಂಗಾದ್ರೆ ಕ್ಷೌರಕ್ಕೆ ಹೋಗಿರಬೇಕು."

"ಹೋದ ವಾರ ತಾನೆ ಮಾಡಿಸಿದ್ರು."

"ಮತ್ತೆ... ಹಲ್ಲು ನೋವು ಅಂತಿದ್ದಪ್ಪ."

"ಚಿಕ್ಕಮ್ಮ, ಅಪ್ಪಂಗೆ ಇರೋದೆಲ್ಲ ಕಟ್ಟಿಸಿದ ಹಲ್ಲು!"

ಯುನ್-ಶಾನ್ ಹತ್ತಿರದ ಪ್ಲಾಸ್ಟಿಕ್ ಸ್ಟೂಲು ಎಳೆದು, ನಿಜ ಹೇಳುವ ತನಕ ಏಳುವುದಿಲ್ಲ ಎಂಬಂತೆ ಕೂತಳು. ಬಾವೋಜು ಕೆರೆಯುವ ಸಟ್ಟುಗವನ್ನು ಕೆಳಗಿಟ್ಟಳು.

"ಅಯ್ಯೋ, ನನ್ ಬಾಯಿಗೆ ಮಣ್ಣು ಹಾಕ. ನಂಗೆ ಸುಳ್ಳು ಹೇಳೋಕೆ ಬರಲ್ಲ ಕಣಯ್ಯಾ ಅಂದ್ರೆ ನಿಮ್ಮಪ್ಪ ಕೇಳ್ತಾನಾ? ಆಣೆ ಹಾಕಿಸ್ಕೊಂಡ. ಹೆದರಬೇಡ ಕಣೆ, ಗುಂಡುಕಲ್ಲಿನ ಹಾಗೆ ಇದಾನೆ. ಬಾ, ಗಾಡಿ ಹತ್ತು."

ಅವಳು ತನ್ನ ಹೆಲ್ಮೆಟ್ಟನ್ನು ಯುನ್-ಶಾನ್‌ಳ ತಲೆಗೆ ಹಾಕಿ, ಗದ್ದದ ಕೆಳಗೆ ಪಟ್ಟಿಯನ್ನು ತಾನೇ ಬಿಗಿದಳು. ಅಂಗಡಿಯ ಬಾಗಿಲನ್ನೂ ಎಳೆಯದೆ ಸ್ಕೂಟರ್ ಹೊರಡಿಸಿದಳು. ಗಾಳಿಗೆ ಹರಿದು ಹೋಗುತ್ತಿದ್ದ ಅವಳ ಮಾತುಗಳನ್ನು ಯುನ್-ಶಾನ್ ಹಿಂದೆ ಕೂತು ಹೆಕ್ಕಿಕೊಂಡಳು. ಬಚ್ಚಲಲ್ಲಿ ಬಿದ್ದದ್ದು ಬಿ.ಪಿ.ಯಿಂದ ಅಲ್ಲ, ಕಿಡ್ನಿಯಿಂದ. ಎರಡೂ ಕಿಡ್ನಿ ಕೈಕೊಟ್ಟಿವೆ. ದೇವಸ್ಥಾನದವರ ಜೊತೆ ಯಾತ್ರೆ ಎಂದು ಹೋದನಲ್ಲ, ಆಗಲೇ ಸೂಜಿ ಚುಚ್ಚಲೆಂದು ಕೈಯ ರಕ್ತನಾಳ ಜೋಡಿಸುವ ಆಪರೇಶನ್ ಆದದ್ದು. ವಾರಕ್ಕೆ ಮೂರು ಸಲ ಡಯಾಲಿಸಿಸ್. ನೀನು ರೈಲು ಹತ್ತಿದ ಮೇಲೆ ಹೋಗಿ, ನೀನು ಬರುವ ಮೊದಲೇ ಮನೆ ಸೇರುತ್ತಾನೆ.

ಡಯಾಲಿಸಿಸ್ ಕೇಂದ್ರ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಸಾಲು ಹಾಸಿಗೆಗಳು, ಒಂದೊಂದರ ಪಕ್ಕವೂ ಒಂದೊಂದು ಯಂತ್ರ. ಕಿಟಕಿಯ ಕಡೆಯ ಹಾಸಿಗೆಯಲ್ಲಿ ಅಪ್ಪ ಮಲಗಿದ್ದ. ಅಂಗಿಯ ಉದ್ದ ತೋಳನ್ನು ಭುಜದವರೆಗೆ ಮಡಚಿದ್ದರು. ಕೈಯಿಂದ ಹೊರಟ ಎರಡು ಕೊಳವೆಗಳಲ್ಲಿ ರಕ್ತ ಹೋಗಿ ಬರುತ್ತಿತ್ತು.

ಮಗಳನ್ನು ಕಂಡು ಅಪ್ಪ ಏಳಲು ನೋಡಿದ. ನರ್ಸ್ ಭುಜ ಒತ್ತಿ ಮಲಗಿಸಿದಳು.

"ನೀನ್ಯಾಕೆ ಬಂದೆ? ಆಫೀಸು?"

"ಆಫೀಸಂತೆ ಆಫೀಸು! ಎಷ್ಟು ದಿನದಿಂದ ಅಪ್ಪಾ ಈ ನಾಟಕ?"

"ಮೆಲ್ಲಗೆ ಮಾತಾಡೇ, ಪಕ್ಕದೋರು ಮಲಗಿದಾರೆ." ಅಪ್ಪ ದನಿ ತಗ್ಗಿಸಿದ. "ಯಾಕೆ, ದೀಪ ಆರಿಹೋಯ್ತಾ?"

"ಇಲ್ಲ. ಉರೀತಾನೇ ಇದೆ. ಅದಕ್ಕೇ ಬಂದೆ."

ಅಪ್ಪನಿಗೆ ಅರ್ಥವಾಗಲಿಲ್ಲ. ತನ್ನ ಕೆಲಸದಲ್ಲಿ ಎಲ್ಲಿ ಕೊರತೆಯಾಯಿತು ಎಂದು ಹುಡುಕುವವನಂತೆ ಹುಬ್ಬು ಗಂಟಿಕ್ಕಿದ.

"ಮೊದಮೊದಲು ಆ ಡ್ರ್ಯಾಗನ್ ಆಟ ಹಾಕಿಟ್ಟು ಬರ್ತಿದ್ದೆ. ಇಲ್ಲಿ ಸೂಜಿ ಚುಚ್ಚೋ ಹೊತ್ತಿಗೇ ಅದು ಪಾಯಿಂಟೆಲ್ಲಾ ನುಂಗಿ ನೀರು ಕುಡಿದಿರ್ತಿತ್ತು. ದೀಪ ಆರಿತು ಅಂತ ನೀನು ಬಾವೋಜುಗೆ ಫೋನಿನ ಮೇಲೆ ಫೋನು. ಆಮೇಲೆ ನಿನ್ ಕಪ್ಪೆ ಹಾಕಿದೆ ನೋಡು. ಒಂದಿಷ್ಟು ತಿಂತಾವೆ, ಒಂದಿಷ್ಟು ಉಗೀತಾವೆ, ನಾನು ಮನೆ ಸೇರೋ ತನಕ ಬಾಳಿಕೆ ಬರುತ್ತೆ. ನನ್ನಂಥೋರಿಗೆ ಹೇಳಿ ಮಾಡಿಸಿದ ಹಾಗಿದೆ. ಒಳ್ಳೇ ಕೆಲಸ ಕಲ್ತಿದೀಯ, ಮಗಳೇ."

ಹೊಗಳಿಕೆ ಅಪ್ಪನ ಬಾಯಿಂದ ಬರುವುದು ಅಪರೂಪ. ಯುನ್-ಶಾನ್ ಇದಕ್ಕೆ ಎಷ್ಟು ವರ್ಷ ಕಾದಿದ್ದಳೋ. ಈಗ ಅದು ಅವಳಿಗೆ ಬೇಡವಾಗಿತ್ತು.

"ಯಾಕೆ ಹೇಳ್ಲಿಲ್ಲ?"

"ನಿಮ್ಮಮ್ಮ ಹಾಸಿಗೆ ಹಿಡಿದಾಗ ನೀನು ಏನಾಗಿದ್ದೆ ಅಂತ ನಾನು ನೋಡಿಲ್ವಾ? ಕೆಲಸ ಬಿಟ್ಟೆ. ಸ್ನೇಹಿತರನ್ನ ಬಿಟ್ಟೆ. ಕೊನೆಕೊನೆಗೆ ತಲೆ ಬಾಚ್ಕೊಳ್ಳೋದನ್ನೂ ಬಿಟ್ಟೆ. ಮತ್ತೆ ಹಾಸಿಗೆ ಪಕ್ಕದ ಅದೇ ಕುರ್ಚಿ ಮೇಲೆ ನಿನ್ನ ಕೂರಿಸಲಾ?"

"ದಾರಿಯಲ್ಲಿ ನಾನು ಏನೇನು ಅಂದ್ಕೊಂಡು ಬಂದೆ ಗೊತ್ತಾ? ನೀನು... ನೀನು ಅಲ್ಲೇ ನೆಲದ ಮೇಲೆ... ಕಪ್ಪೆ ಕುಣೀತಾ ಇದೆ, ನೀನು..."

ಅಪ್ಪನ ಮುಖದ ಗಟ್ಟಿತನ ಆಗ ಕರಗಿತು. ಮಗಳು ಹೆದರಬಾರದೆಂದು ಉರಿಸಿದ ದೀಪ ಅವಳಿಗೆ ಹೀಗೂ ಕಾಣಬಹುದೆಂದು ಆತ ನೆನೆಸಿರಲಿಲ್ಲ. ಸೂಜಿ ಇಲ್ಲದ ಕೈಯನ್ನು ಎತ್ತಿದ. ಹಾಸಿಗೆಯ ಅಂಚಿನವರೆಗೆ ತಂದು ಅಲ್ಲೇ ಇಟ್ಟ.

"ಇನ್ನು ಆ ಆಟ ಬೇಡ," ಎಂದಳು ಯುನ್-ಶಾನ್. "ನಾನು ಕೆಲಸ ಬಿಡಲ್ಲ, ಮಾತು ಕೊಡ್ತೀನಿ. ತಲೇನೂ ಬಾಚ್ಕೋತೀನಿ. ಆದರೆ ಇಲ್ಲಿಗೆ ಬರೋ ದಿನ ಹೇಳಿ ಬಾ. ಸೂಜಿ ಚುಚ್ಚಿದ್ರು ಅಂತ ಒಂದು ಮಾತು, ತೆಗೆದ್ರು ಅಂತ ಒಂದು ಮಾತು. ಅಷ್ಟೇ."

"ಪ್ರತಿಸಲ ಅದನ್ನ ಕೇಳಿ ನಿಂಗೆ ಭಯ ಆಗಲ್ವಾ?"

"ಆಗುತ್ತೆ."

ಅಪ್ಪ ಕಿಟಕಿಯ ಕಡೆ ನೋಡಿದ. ಯಂತ್ರ ಮೆಲ್ಲಗೆ ಗುಂಯ್‌ಗುಡುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಬಾವೋಜು ತನ್ನ ಅಂಗಡಿಯ ಏಪ್ರನ್ನಿನಿಂದಲೇ ಮೂಗು ಒರೆಸಿಕೊಂಡು, ಕಾವಲಿಯ ಒಲೆ ಆರಿಸಿದೆನೋ ಇಲ್ಲವೋ ಎಂದು ಗೊಣಗುತ್ತ ಮೆಟ್ಟಿಲಿಳಿದಳು.

ಊಟದ ಗಾಡಿ ಬಂತು. ಉಪ್ಪು ಕಡಿಮೆ ಹಾಕಿದ ಅನ್ನ, ಬೇಯಿಸಿದ ಎಲೆಕೋಸು, ಒಂದು ತುಂಡು ಮೀನು ಇದ್ದ ಡಬ್ಬಿಗಳು. ಅಪ್ಪನ ಹಾಸಿಗೆಗೆ ಬಂದಾಗ ನರ್ಸ್ ರೂಢಿಯಂತೆ ಮುಚ್ಚಳ ತೆಗೆದು, ಅಪ್ಪ ಒಂದೇ ಕೈಯಲ್ಲಿ ತಿನ್ನಲು ಅನುಕೂಲವಾಗುವಂತೆ ಮೀನನ್ನು ಚೂರು ಮಾಡತೊಡಗಿದಳು.

"ಅಲ್ಲೇ ಇಡಮ್ಮ, ನಾನೇ ತಿಂತೀನಿ," ಎಂದ ಅಪ್ಪ.

ನರ್ಸ್ ಅಪ್ಪನನ್ನು ನೋಡಿದಳು, ಕುರ್ಚಿಯ ತುದಿಯಲ್ಲಿ ಕೂತಿದ್ದ ಯುನ್-ಶಾನ್‌ಳನ್ನು ನೋಡಿದಳು. ಮೀನು ಚೂರು ಮಾಡುವುದನ್ನು ಅರ್ಧಕ್ಕೆ ನಿಲ್ಲಿಸಿದಳು. ಡಬ್ಬಿಯನ್ನೂ ಚಮಚವನ್ನೂ ಎತ್ತಿ ಮಗಳ ಎರಡು ಕೈಗಳಿಗೆ ಕೊಟ್ಟಳು.