ಮಾವನ ಸ್ಲೈಡು

ನಮ್ಮ ಸೋದರಮಾವ ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಮೈಕ್ ಹಿಡಿದವರು. ಮನೆಯಲ್ಲೂ ಅದೇ ಧಾಟಿ: "ದಯವಿಟ್ಟು ಗಮನಿಸಿ, ಸ್ನಾನಕ್ಕೆ ಹೋದ ಅತ್ತೆಯವರು ಹತ್ತು ನಿಮಿಷ ತಡವಾಗಿ ಆಗಮಿಸಲಿದ್ದಾರೆ." ಇಂಥವರ ಅನ್ನನಾಳದಲ್ಲೇ, ಹೊಟ್ಟೆ ಸೇರುವ ತಿರುವಿನಲ್ಲಿ, ಕ್ಯಾನ್ಸರ್ ಗಡ್ಡೆ ಬೀಡುಬಿಟ್ಟಿತು. ಆಪರೇಷನ್ನಿನ ಕಾಲ ಮೀರಿತ್ತು. ತನಗೀಗ ಇಡ್ಲಿಯಿಂದ ಉಪದೇಶದವರೆಗೆ ಎಲ್ಲವೂ ನುಂಗಲಾರದ ತುತ್ತೇ ಎಂದು ಮಾವ ಅದನ್ನೂ ನಗೆಗೆ ತಿರುಗಿಸಿದರು.

ಗಡ್ಡೆಯ ಚೂರು ಬಂದದ್ದು ನಾನು ಕೆಲಸ ಮಾಡುವ ಲ್ಯಾಬಿಗೇ. ಕೆಲವರ ಗಡ್ಡೆಯ ಕೋಶಗಳು ಮೈತುಂಬ ಒಂದು ಪ್ರೋಟೀನ್ ಹೊದ್ದಿರುತ್ತವೆ. ಅದಿದ್ದರೆ ಗಡ್ಡೆ ಚುರುಕು ಅನ್ನುತ್ತಾರೆ. ಆದರೆ ಆ ಪ್ರೋಟೀನಿನ ಜುಟ್ಟು ಹಿಡಿದೇ ಹೊಡೆಯುವ ಮದ್ದೂ ಇದೆ. ಅದಿಲ್ಲದವರಿಗೆ ಆ ಮದ್ದಿಲ್ಲ. ಹೀಗಾಗಿ ಗಡ್ಡೆ ಪೋಕರಿಯೇ ಆಗಿರಲಿ ಎಂದು ಮನೆಮಂದಿಯೆಲ್ಲ ಹಾರೈಸುತ್ತಿದ್ದೆವು.

ಚೂರನ್ನು ತೆಳ್ಳಗೆ ಕೊಯ್ದು ಅಂಟಿಸಿದ ಗಾಜಿನ ಸ್ಲೈಡಿಗೆ ಬಣ್ಣ ಹಾಕುವುದು ನನ್ನ ಕೆಲಸ, ಓದುವುದು ಡಾಕ್ಟರ್ ಮೇಡಂ ಕೆಲಸ. ಪ್ರೋಟೀನ್ ಇದ್ದರೆ ಕೋಶದ ಅಂಚು ಕಂದಾಗುತ್ತದೆ, ಇಲ್ಲದಿದ್ದರೆ ನೀಲಿಯಷ್ಟೇ ಕಾಣುತ್ತದೆ. ನಾನು ತಡೆಯಲಾರದೆ ಮೇಡಂಗಿಂತ ಮೊದಲೇ ಸೂಕ್ಷ್ಮದರ್ಶಕದಲ್ಲಿ ಇಣುಕಿದೆ. ಬರೀ ನೀಲಿ. ಬಾಯಲ್ಲಿ ಮಾತು ನಿಲ್ಲದ ವಂಶ ನಮ್ಮದು. ಫೋನ್ ಮಾಡಿ, ಇಲ್ಲವಂತೆ ಮಾವ, ಅಂದುಬಿಟ್ಟೆ. ಮಾವ ಪ್ರಕಟಣೆ ಹೊರಡಿಸದೆ ಫೋನನ್ನು ಅತ್ತೆಯ ಕೈಗೆ ಕೊಟ್ಟರು.

ಮೇಡಂ ಬಂದವರು ಮೊದಲು ನೋಡಿದ್ದು ಮಾವನ ಚೂರನ್ನಲ್ಲ, ಪಕ್ಕದ್ದನ್ನು. ಪ್ರತಿ ಸ್ಲೈಡಿನ ತುದಿಗೂ ಆ ಪ್ರೋಟೀನ್ ಖಂಡಿತ ಇರುವ ಇನ್ನೊಂದು ಚೂರು ಅಂಟಿಸಿರುತ್ತೇವೆ, ಬಣ್ಣ ಹತ್ತಿದೆ ಎಂಬುದಕ್ಕೆ ಸಾಕ್ಷಿಯಾಗಿ.

"ಸಾಕ್ಷಿನೂ ನೀಲಿನೇ ಇದೆಯಲ್ಲಮ್ಮ. ಕಂದು ಹನಿ ಹಾಕಿದ್ದೆ ತಾನೆ?"

ಹಾಕಿರಲಿಲ್ಲ. ಆರು ವರ್ಷದಲ್ಲಿ ಒಮ್ಮೆಯೂ ಮರೆಯದ ಹನಿಯನ್ನು ಮಾವನ ಸರದಿಯಲ್ಲೇ ಮರೆತಿದ್ದೆ. ಫೋನ್ ಮಾಡಿದ್ದನ್ನೂ ಒಪ್ಪಿಕೊಂಡೆ. ಮೇಡಂ ಬೈಯಲಿಲ್ಲ, ಹೊಸ ಸ್ಲೈಡ್ ಮಾಡಿಸಿ, ಪಕ್ಕದಲ್ಲೇ ನಿಂತು ಒಂದೊಂದು ಹನಿಯನ್ನೂ ನೋಡಿದರು. ಬೈದಿದ್ದರೇ ವಾಸಿಯಿತ್ತು.

ಮರುದಿನ ಸಾಕ್ಷಿ ಕಂದಾಗಿ ಬಂತು. ಮೇಡಂ ತಾವು ನೋಡಿ, ಇನ್ನೊಬ್ಬ ಡಾಕ್ಟರಿಗೂ ತೋರಿಸಿ, ಮಾವನ ಚೂರು ಎಷ್ಟು ಕಂದಾಗಿದೆ ಎಂಬುದಕ್ಕೆ ಅಂಕ ಬರೆದರು: ಮೂರಕ್ಕೆ ಮೂರು. ಜೀವನದಲ್ಲಿ ಮಾವ ಪೂರ್ತಿ ಅಂಕ ಗಿಟ್ಟಿಸಿದ ಮೊದಲ ಪರೀಕ್ಷೆ.

"ಈಗ ಫೋನ್ ಮಾಡು. ವಾಸಿಯಾಗತ್ತೆ ಅನ್ಬೇಡ. ಮದ್ದಿಗೊಂದು ದಾರಿ ಇದೆ ಅನ್ನು, ಅಷ್ಟೇ."

ಫೋನ್ ಮಾಡಿ ಅಷ್ಟನ್ನೇ ಅಂದೆ. ತಪ್ಪು ನನ್ನದು ಅಂತಲೂ ಅಂದೆ. ಮಾವ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ದಯವಿಟ್ಟು ಗಮನಿಸಿ. ನಿನ್ನೆ ರದ್ದಾಗಿದ್ದ ಬಸ್ಸು ಇಂದು ಹೊರಡಲಿದೆ. ಎಲ್ಲಿಯವರೆಗೆ ಹೋಗುತ್ತದೋ ಡ್ರೈವರಿಗೂ ಗೊತ್ತಿಲ್ಲ. ಪ್ರಯಾಣಿಕರು…" ಅಲ್ಲಿ ದನಿ ಒಡೆಯಿತು. ಆಮೇಲೆ ಮೈಕಿಲ್ಲದ, ಮನೆಯ ದನಿ ಬಂತು. "ನಾನು ಹತ್ತಿ ಕೂತಾಯ್ತು, ಪುಟ್ಟಿ."